ಚೇರ್ಮನ್ನರ ಹೋರಿ ಕೊಂಡವಾಡ ಸೇರಿದ ದೀಪಾವಳಿ

ನಮ್ಮೂರ ಕೊಂಡವಾಡಕ್ಕೆ ಸೂರು ಇರಲಿಲ್ಲ. ಎದೆಮಟ್ಟದ ಕಲ್ಲುಗೋಡೆ, ಮೂಲೆಯಲ್ಲಿ ಬಿರುಕು ಬಿಟ್ಟ ನೀರಿನ ಬಾನಿ, ಒಂದು ತಗಡಿನ ಬಾಗಿಲು, ಅಷ್ಟೇ. ಯಾರದಾದರೂ ದನ ಇನ್ನೊಬ್ಬರ ಪೈರಿಗೆ ಬಾಯಿ ಹಾಕಿದರೆ ಪೈರಿನವರು ಅದನ್ನು ಹೊಡೆದುಕೊಂಡು ಬಂದು ಇಲ್ಲಿ ಕೂಡುತ್ತಿದ್ದರು. ಬಿಡಿಸಿಕೊಳ್ಳಬೇಕಾದರೆ ಪಂಚಾಯಿತಿಗೆ ದಂಡ ಕಟ್ಟಬೇಕು. ಅದು ಸರಕಾರದ ಕಾನೂನು. ಅದಕ್ಕೂ ಮೊದಲು ದನದ ಒಡೆಯ ತಾನೇ ಬಂದು ಆ ತಗಡಿನ ಬಾಗಿಲ ಮುಂದೆ ನಿಂತು, ‘ಈ ದನ ನಂದು, ಇಂಥವರ ಹೊಲದಾಗ ಮೇದೈತಿ’ ಎಂದು ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಬೇಕು. ಇದು ಊರಿನ ಕಾನೂನು. ದಂಡಕ್ಕೆ ಯಾರೂ ಅಷ್ಟು ಅಂಜುತ್ತಿರಲಿಲ್ಲ. ನಿಂತು ಹೇಳುವುದಕ್ಕೆ ಅಂಜುತ್ತಿದ್ದರು.

ಆ ಬಾಗಿಲ ಮುಂದೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಬೇಕೆಂದು ನಾನು ಆರೇಳು ವರ್ಷ ಕಾದೆ.

ನನ್ನ ತವರು ಶಿಗ್ಗಾವಿ ತಾಲೂಕಿನ ದುಂಡಸಿ. ಎಪ್ಪತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಹಿರೇಕೆರೂರು ತಾಲೂಕಿಗೆ, ಅಬಲೂರಿನ ಆಚೆಯ ಈ ಊರಿಗೆ ಬಂದೆ. ಕೆಲವು ವರ್ಷ ಕಳೆದ ಮೇಲೆ ಅಪ್ಪ ಸವಣೂರಿನ ಸಂತೆಯಲ್ಲಿ ಇನ್ನೂ ಈಯದ ಒಂದು ಎಮ್ಮೆ ಮಣಕ ಕೊಂಡು, ಹಗ್ಗ ಹಿಡಿದು ನಡೆಸಿಕೊಂಡೇ ಬಂದು, ನಮ್ಮ ಹಿತ್ತಲಲ್ಲಿ ಕಟ್ಟಿ ಹೋದ. ‘ಇದು ನಿಂದು, ನಿನ್ನ ಗಂಡಂದಲ್ಲ’ ಎಂದು ನಮ್ಮನೆಯವರ ಎದುರಿಗೇ ಹೇಳಿದ. ಅವರು ನಕ್ಕರು. ಹಣೆಯ ಮೇಲೆ ಬಿಳಿ ಮಚ್ಚೆಯ ಎಮ್ಮೆ. ನನ್ನ ಸೆರಗಿನ ವಾಸನೆ ಹಿಡಿದರೆ ಸಾಕು ಎದ್ದು ನಿಲ್ಲುತ್ತಿತ್ತು. ಮನೆಯ ಹಾಲು, ಮೊಸರು, ನನ್ನ ಮಗಳ ಹೊಟ್ಟೆ, ಬೆಣ್ಣೆ ಮಾರಿ ತರುತ್ತಿದ್ದ ಎಣ್ಣೆ, ಬೆಲ್ಲ, ಎಲ್ಲ ಅದರದೇ.

ಆ ಕಾಲದಲ್ಲಿ, ನಡುವಿನ ಎರಡು ಮೂರು ವರ್ಷ ಬಿಟ್ಟರೆ, ದಿಲ್ಲಿಯಲ್ಲಿ ಯಾವ ಪಕ್ಷವೋ ಬೆಂಗಳೂರಿನಲ್ಲೂ ಅದೇ, ಹಿರೇಕೆರೂರಿನ ತಾಲೂಕು ಬೋರ್ಡಿನಲ್ಲೂ ಅದೇ, ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೆ ಕೂರುತ್ತಿದ್ದ ಚೇರ್ಮನ್ನರದೂ ಅದೇ. ಮೇಲಿನಿಂದ ಕೆಳಗಿನವರೆಗೆ ಒಂದೇ ಕೊಳವೆ. ಬಾವಿಯ ಹೂಳು ತೆಗೆಯುವುದಿರಲಿ, ಸಾಲೆಯ ಹೆಂಚು ಹೊದಿಸುವುದಿರಲಿ, ಚೇರ್ಮನ್ನರು ಹಿರೇಕೆರೂರಿಗೆ ಹೋಗಿ ‘ನಾವು ನಿಮ್ಮವರು’ ಅಂದರೆ ಕೆಲಸ ಬರುತ್ತಿತ್ತು. ಪಂಚಾಯಿತಿ ಚುನಾವಣೆಗೆ ಪಕ್ಷದ ಗುರುತು ಇರಲಿಲ್ಲವೆಂಬುದು ಕಾಗದದ ಮೇಲಿನ ಮಾತು. ಯಾರು ದಿಲ್ಲಿಯವರ ಕಡೆ ಎನ್ನುವುದು ತೊಟ್ಟಿಲ ಕೂಸಿಗೂ ಗೊತ್ತಿತ್ತು. ಬೇರೆ ಕಡೆಯವರು ನಮ್ಮೂರಲ್ಲಿ ಇರಲೇ ಇಲ್ಲ. ಚೇರ್ಮನ್ನರು ಹಾಗೆ ತಿಳಿದಿದ್ದರು, ನಾವೂ ಹಾಗೆಯೇ ಬದುಕಿದ್ದೆವು.

ಎಂಬತ್ತರ ದಶಕದ ಶುರುವಿಗೆ ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಮನೆಯ ಮುಂದೆ ಒಂದು ಜೀಪಿನ ಗಾಲಿ ಒಡೆಯಿತು. ಹಿರೇಕೆರೂರಿನ ಒಬ್ಬ ಮುಖಂಡರು ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಹೊಸ ಪಕ್ಷದ ಪ್ರಚಾರಕ್ಕೆ ಹೊರಟಿದ್ದರು. ದಿಲ್ಲಿಯವರು ಹೇಳಿದಂತೆ ಕುಣಿದದ್ದು ಸಾಕು, ರಾಜ್ಯದ ಮಾತು ರಾಜ್ಯದವರೇ ಬೆಂಗಳೂರಿನಲ್ಲಿ ಕೂತು ಆಡಬೇಕು ಎನ್ನುವುದು ಅವರ ಭಾಷಣ. ನಾನು ಭಾಷಣ ಕೇಳಿಸಿಕೊಳ್ಳಲಿಲ್ಲ. ಬಿಸಿಲಲ್ಲಿ ನಿಂತವರಿಗೆ ನೀರು ಕೊಟ್ಟೆ. ನೀರು ಕೊಟ್ಟ ಮೇಲೆ ಚಹಾ, ಚಹಾದ ಜೊತೆಗೆ ಒಗ್ಗರಣೆ ಹಾಕಿದ ಮಂಡಕ್ಕಿ. ಗಾಲಿ ಬದಲಿಸಿ ಹೊರಡುವಾಗ ಮುಖಂಡರು ನಮ್ಮ ಕಟ್ಟೆಯ ಮೇಲೆ ನಿಂತು ಕೈಮುಗಿದು, ‘ಅಕ್ಕಾರ, ನಿಮ್ಮ ಉಪ್ಪು ಮರೆಯಂಗಿಲ್ರಿ’ ಅಂದರು.

ಸಂಜೆಯ ಹೊತ್ತಿಗೆ ನಮ್ಮದು ‘ಬೆಂಗಳೂರಿನವರ ಮನಿ’ ಆಗಿತ್ತು. ಕಿರಾಣಿ ಅಂಗಡಿಯಲ್ಲಿ ಹಾಗೆಂದರು, ಬಾವಿಯ ಹತ್ತಿರ ಹಾಗೆಂದರು. ಮನೆಯವರು ಚೇರ್ಮನ್ನರ ಬಳಿ ಹೋಗಿ, ‘ಮನಿ ಮುಂದ ಬಂದವ್ರಿಗೆ ನೀರ ಕೊಟ್ಟೇವಿ, ಓಟ ಕೊಟ್ಟಿಲ್ರಿ’ ಎಂದರೆ ಚೇರ್ಮನ್ನರು ಹಲ್ಲುಕಡ್ಡಿ ಆಡಿಸುತ್ತ, ‘ನೀರಿನ ಹಿಂದ ಮಂಡಕ್ಕಿ ಹೋತು, ಮಂಡಕ್ಕಿ ಹಿಂದ ಓಟು ಹೋಗ್ತತಿ. ಇರ್ಲಿ ಬಿಡು’ ಎಂದರಂತೆ. ಅವರು ‘ಇರ್ಲಿ ಬಿಡು’ ಅಂದರೆ ಬಿಡುವವರಲ್ಲ ಎನ್ನುವುದು ಊರಿಗೆಲ್ಲ ಗೊತ್ತು.

ಎಂಟು ಹತ್ತು ದಿನ ಕಳೆದಿರಬಹುದು. ಎಮ್ಮೆ ತುಂಬು ಗಬ್ಬ, ಇಂದೋ ನಾಳೆಯೋ ಎನ್ನುವಂತಿತ್ತು. ಕೆರೆಯಿಂದ ನೀರು ಕುಡಿದು ತಾನೇ ನಡೆದು ಬರುತ್ತಿದ್ದುದನ್ನು ಚೇರ್ಮನ್ನರ ಆಳುಗಳು ದಾರಿಯಲ್ಲೇ ತಡೆದು ಕೊಂಡವಾಡಕ್ಕೆ ಹೊಡೆದುಕೊಂಡು ಹೋದರು. ಅವರ ಹೊಲದಲ್ಲಿ ಮೇದಿತ್ತಂತೆ. ಬೇಸಿಗೆಯಲ್ಲಿ ಆ ಹೊಲದಲ್ಲಿ ಕರಿಮಣ್ಣಿನ ಹೆಂಟೆ ಬಿಟ್ಟರೆ ಏನೂ ಇರಲಿಲ್ಲ. ಮನೆಯವರು ದಂಡ ಹಿಡಿದುಕೊಂಡು ಓಡಿದರು. ದಂಡದ ಪಾವತಿ ಚೀಟಿ ಬರೆಯಬೇಕಾದ ಸೆಕ್ರೆಟರಿಯನ್ನು ಚೇರ್ಮನ್ನರು ಹಿರೇಕೆರೂರಿಗೆ ಕೆಲಸ ಹೇಳಿ ಕಳಿಸಿಬಿಟ್ಟಿದ್ದರು. ಪಾವತಿ ಇಲ್ಲದೆ ಬಾಗಿಲು ತೆಗೆಯುವಂತಿಲ್ಲ.

ನಾನು ಕೊಡ ಹೊತ್ತು ಹೋದೆ. ಬಾನಿಯಲ್ಲಿ ಹನಿ ನೀರಿರಲಿಲ್ಲ. ಬಾಗಿಲು ಕಾಯುತ್ತಿದ್ದ ವಾಲೀಕಾರ ಕಣ್ಣು ಬೇರೆ ಕಡೆ ಹೊರಳಿಸಿ, ‘ನೀರ ಹಾಕಬ್ಯಾಡ್ರಿ ಅಕ್ಕಾರ, ನನ್ನ ನೌಕರಿ ಹೊಕ್ಕತಿ’ ಎಂದ. ಗೋಡೆಯ ಮೇಲಿಂದ ಕೊಡ ಬಾಗಿಸಿದೆ. ಒಬ್ಬ ಆಳು ಬಂದು ಬಡಿಗೆಯಿಂದ ಕೊಡಕ್ಕೆ ಹೊಡೆದ. ತಾಮ್ರದ ಕೊಡ ನೆಗ್ಗಿತು, ನೀರು ಗೋಡೆಯ ಈಚೆಗೇ ಚೆಲ್ಲಿತು. ಎಮ್ಮೆ ತೇವದ ವಾಸನೆ ಹಿಡಿದು ಆಚೆಯಿಂದ ಕಲ್ಲು ನೆಕ್ಕುತ್ತಿತ್ತು.

ಚೇರ್ಮನ್ನರು ಪಂಚಾಯಿತಿ ಕಟ್ಟೆಯ ಮೇಲೆ ಕೂತಿದ್ದರು. ‘ಬೆಂಗಳೂರಾಗ ನಿಮ್ಮ ಮಂದಿ ಅದಾರಲ್ಲ ತಂಗಿ, ಜೀಪ್ ತಗೊಂಡ್ ಬಂದ ಬಿಡಿಸ್ತಾರೇನು ಕೇಳ’ ಎಂದರು. ಕೂತವರೆಲ್ಲ ನಕ್ಕರು.

ಮರುದಿನದ ಬಿಸಿಲಿನಲ್ಲಿ ಎಮ್ಮೆ ಅಲ್ಲೇ ಈಯಿತು. ಸತ್ತ ಕರು. ಬಾಲ ಹಿಡಿದು ಎಳೆದು ಮೂಲೆಗೆ ಹಾಕಿದ್ದರು. ಸೆಕ್ರೆಟರಿ ಬಂದದ್ದು ಅದಾದ ಮೇಲೆ. ಮನೆಯವರನ್ನು ಬಾಗಿಲ ಮುಂದೆ ನಿಲ್ಲಿಸಿದರು. ‘ಹೇಳ’ ಎಂದರು ಚೇರ್ಮನ್ನರು. ಒಳಗೆ ಎಮ್ಮೆ ಕರುವಿನ ಕಡೆಗೆ ಮುಖಮಾಡಿ ಬಿದ್ದಿತ್ತು. ಮನೆಯವರು, ‘ಈ ಎಮ್ಮಿ ನಂದು, ಚೇರ್ಮನ್ರ ಹೊಲದಾಗ ಮೇದೈತಿ’ ಎಂದರು. ‘ಕೇಳಸಲಿಲ್ಲ’ ಎಂದರು ಚೇರ್ಮನ್ನರು. ಮನೆಯವರು ಮತ್ತೊಮ್ಮೆ ಹೇಳಿದರು. ಸುಳ್ಳನ್ನು ಎರಡು ಸಲ ಹೇಳಿಸಿದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಆ ಸೂಲಿನಲ್ಲಿ ಎಮ್ಮೆಯ ಕೆಚ್ಚಲು ಕಲ್ಲಾಯಿತು. ಮಳೆಗಾಲಕ್ಕೆ ಮುಂಚೆ ಅದೂ ಹೋಯಿತು.

ಒಂದೆರಡು ವರ್ಷ ಕಳೆದ ಮೇಲೆ ಬೆಂಗಳೂರಿನ ಸರಕಾರ ಬದಲಾಯಿತು. ಕೊಳವೆ ನಡುವೆ ಮುರಿಯಿತು. ದಿಲ್ಲಿಯಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಇನ್ನೊಬ್ಬರು. ಸಾಲೆಯ ಹೆಂಚು ಗಾಳಿಗೆ ಹಾರಿಹೋದವು. ಚೇರ್ಮನ್ನರನ್ನು ಕೇಳಿದರೆ, ‘ಬೆಂಗಳೂರಾಗ ನಮ್ಮವ್ರಿಲ್ಲ, ಅವ್ರ ಕೊಡಂಗಿಲ್ಲ’ ಎಂದರು. ಊರಿನ ಹಿರಿಯರು ಹಿರೇಕೆರೂರಿಗೆ ಹೋಗಿ ಕೇಳಿದರೆ, ‘ನಿಮ್ಮ ಚೇರ್ಮನ್ ದಿಲ್ಲಿಯವ, ದಿಲ್ಲಿಗೆ ಹೋಗಿ ಹೆಂಚು ತರ್ರಿ’ ಎಂದರು. ಎರಡು ಮಳೆಗಾಲ ನನ್ನ ಮಗಳು ಸಾಲೆಯಲ್ಲಿ ಗೋಣಿಚೀಲದ ಕೊಪ್ಪೆ ಹೊದ್ದು ಕೂತು ಮಗ್ಗಿ ಕಲಿತಳು. ಹಾನಗಲ್ಲ ತಾಲೂಕಿನ ನನ್ನ ತಂಗಿಯ ಊರಿನಲ್ಲಿ ಚೇರ್ಮನ್ ಬೆಂಗಳೂರಿನ ಪಕ್ಷದವ. ಅಲ್ಲಿ ಸಾಲೆಗೆ ಹೆಂಚಷ್ಟೇ ಅಲ್ಲ, ಇನ್ನೊಂದು ಕೋಣೆಯೂ ಬಂತು. ಮಕ್ಕಳು ಅಲ್ಲಿಯೂ ಅವೇ, ಮಳೆಯೂ ಅದೇ.

ಆಮೇಲೆ ಪಂಚಾಯಿತಿಯ ಕಾನೂನೇ ಬದಲಾಗಿ ನಾಲ್ಕಾರು ಊರು ಸೇರಿಸಿ ಮಂಡಲ ಪಂಚಾಯಿತಿ ಮಾಡಿದರು. ಪಕ್ಷದ ಗುರುತಿನ ಮೇಲೆಯೇ ಚುನಾವಣೆ, ಹೆಂಗಸರಿಗೂ ಕೆಲವು ಜಾಗ. ಜೀಪಿನ ಮುಖಂಡರು ಹುಡುಕಿಕೊಂಡು ಬಂದರು. ಈಗ ತಾಲೂಕಿನಲ್ಲಿ ಅವರ ಮಾತೇ ಮಾತು. ‘ನಿಮ್ಮನಿ ಮಂಡಕ್ಕಿ ತಿಂದೇವಿ, ನೀವ ನಿಲ್ಲಬೇಕ್ರಿ ಅಕ್ಕಾರ’ ಎಂದರು. ಮನೆಯವರು ಬೇಡವೆನ್ನುವಂತೆ ನನ್ನ ಮುಖ ನೋಡಿದರು. ನಾನು ನಿಲ್ಲುತ್ತೇನೆ ಎಂದೆ.

ಗೆದ್ದೆ. ಚೇರ್ಮನ್ನರು ತಮ್ಮ ಓಣಿಯಿಂದ ನಿಂತು ಸೋತರು. ಆದರೂ ಊರಿನ ಬಾಯಲ್ಲಿ ಅವರು ಚೇರ್ಮನ್ನರಾಗಿಯೇ ಉಳಿದರು.

ಮೊದಲ ಸಭೆಯಲ್ಲಿ ಉಸ್ತುವಾರಿ ಹಂಚುವಾಗ ಒಬ್ಬ ರಸ್ತೆ ಬೇಕೆಂದ, ಇನ್ನೊಬ್ಬ ಬಾವಿ ಬೇಕೆಂದ. ‘ನಿಮಗೇನ ಬೇಕ್ರಿ?’ ಎಂದು ಕೇಳಿದಾಗ ನಾನು ‘ಕೊಂಡವಾಡ’ ಎಂದೆ. ಸಭೆಯೆಲ್ಲ ನಕ್ಕಿತು. ಬಾವಿ ಸಿಕ್ಕವನು, ‘ಸರಿ ಬಿಡ್ರಿ, ಹೆಣ್ಮಕ್ಕಳು ಮನ್ಯಾಗ ಕಾಯೂದೂ ದನಾನ, ಇಲ್ಲಿ ಕಾಯೂದೂ ದನಾನ’ ಎಂದ. ನಾನೂ ನಕ್ಕೆ.

ಬಾನಿಯ ಬಿರುಕಿಗೆ ಗಚ್ಚು ಹಾಕಿಸಿದೆ. ಒಂದು ಬದಿಗೆ ಸೋಗೆಯ ಚಪ್ಪರ ಎಬ್ಬಿಸಿದೆ. ಬೆಳಿಗ್ಗೆ ಸಂಜೆ ನೀರು ತುಂಬಬೇಕೆಂದು ಅದೇ ವಾಲೀಕಾರನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ‘ಆತ್ರಿ’ ಎಂದ. ಮಂಡಲ ಪಂಚಾಯಿತಿಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ ಸದಸ್ಯರಿಲ್ಲ ಎಂದು ಹೊಗಳಿದರು. ಯಾರಿಗಾಗಿ ಅಚ್ಚುಕಟ್ಟು ಮಾಡುತ್ತಿದ್ದೇನೆ ಎಂದು ಯಾರೂ ಕೇಳಲಿಲ್ಲ.

ವರ್ಷ ತುಂಬುವುದರೊಳಗೆ ಚೇರ್ಮನ್ನರು ನಮ್ಮ ಪಕ್ಷಕ್ಕೆ ಬಂದರು. ಹಿರೇಕೆರೂರಿನಿಂದ ಮುಖಂಡರೇ ಹಾರ ತಂದರು. ಸಾಲೆಯ ಮುಂದೆ ಪೆಂಡಾಲು. ‘ದಿಲ್ಲಿಯವರ ಕೈಯಾಗ ಸಿಕ್ಕ ಇಷ್ಟ ದಿನ ಕಣ್ಣ ಕಟ್ಟಿತ್ತು, ಈಗ ಬಿಚ್ಚೇತಿ’ ಎಂದು ಚೇರ್ಮನ್ನರು ಭಾಷಣ ಮಾಡಿದರು. ಹಳೆಯ ಪಕ್ಷದ ಟೊಪ್ಪಿಗೆ ಮನೆಯಲ್ಲಿಟ್ಟು ಹಸಿರು ಟವೆಲ್ ಹೊದ್ದುಬಂದಿದ್ದರು. ಆರತಿ ಎತ್ತಲು ನನ್ನನ್ನು ಕರೆದರು. ಹೆಣ್ಣು ಸದಸ್ಯೆ ಇರುವುದು ಅದಕ್ಕೇ ಎಂದುಕೊಂಡಿದ್ದರೋ ಏನೋ. ನಾನು ತಟ್ಟೆ ಪಕ್ಕದವಳ ಕೈಗೆ ಕೊಟ್ಟು ಮನೆಗೆ ಬಂದೆ. ಪಕ್ಷ ಬದಲಿಸಿದರೆ ಎಮ್ಮೆ ಎದ್ದು ಬರುತ್ತದೆಯೇ?

ನಮ್ಮ ಕಡೆ ದೀಪಾವಳಿ ಪಾಡ್ಯಕ್ಕೆ ಹೋರಿ ಬೆದರಿಸುತ್ತಾರೆ. ಮೇಯಿಸಿ ಕೊಬ್ಬಿಸಿದ ಹೋರಿಯ ಬೆನ್ನಿಗೆ ಬಣ್ಣದ ಜೂಲಿನ ಬಟ್ಟೆ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಗಂಡಸರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ದಾಟಿದ ಹೋರಿಯ ಒಡೆಯನಿಗೆ ಆ ವರ್ಷವೆಲ್ಲ ಮೀಸೆಯ ಮೇಲೆ ಕೈ. ಚೇರ್ಮನ್ನರು ಹಾನಗಲ್ಲ ಕಡೆಯಿಂದ ತಂದ ಹೋರಿಯನ್ನು ನಮ್ಮೂರಲ್ಲಿ ಒಬ್ಬನೂ ಹಿಡಿದಿರಲಿಲ್ಲ. ಆ ವರ್ಷ ಹೊಸ ಪಕ್ಷದ ಬಾವುಟದ ಬಣ್ಣದ್ದೇ ಜೂಲು ಕಟ್ಟುತ್ತಾರೆ, ಮುಖಂಡರು ನೋಡಲು ಬರುತ್ತಾರೆ ಎಂದು ಸುದ್ದಿಯಾಗಿತ್ತು.

ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಅವರ ಆಳುಗಳು ಹೋರಿಯನ್ನು ತಾಲೀಮಿಗೆ ಬಿಟ್ಟಿದ್ದರು. ಅದು ಒಡ್ಡು ಹಾರಿ ನಮ್ಮ ಓಣಿಯ ಕೊನೆಯ ಮನೆಯ ಅಜ್ಜಿಯ ಗೋವಿನಜೋಳಕ್ಕೆ ನುಗ್ಗಿತು. ತಡವಾಗಿ ಬಿತ್ತಿದ್ದ ಬೆಳೆ, ತೆನೆ ಇನ್ನೂ ನಿಂತಿತ್ತು. ಅಜ್ಜಿಗೆ ಇದ್ದದ್ದು ಅದೊಂದೇ ಪಟ್ಟಿ. ಆಳುಗಳು ಗೂಡಂಗಡಿಯ ಮುಂದೆ ಬೀಡಿ ಸೇದುತ್ತ ಕೂತರು. ಯಾರೂ ಹಿಡಿಯಲಾರದ ಹೋರಿ ಎಲ್ಲಿಗೆ ಹೋದೀತು ಎಂಬ ಧೈರ್ಯ. ಅಜ್ಜಿ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ‘ನಿನ್ನ ಕೊಂಡವಾಡ ಬಡವ್ರ ಆಕಳಿಗೆ ಅಷ್ಟ ಏನವ್ವ?’ ಎಂದಳು.

ಹಿತ್ತಲಿಗೆ ಹೋದೆ. ನಮ್ಮ ಎತ್ತುಗಳಿಗೆ ನೆನೆಹಾಕಿದ ಹತ್ತಿಕಾಳಿತ್ತು. ಬಕೀಟು ತುಂಬಿಕೊಂಡು, ಮೇಲೆ ಹಿಡಿ ಬೆಲ್ಲ ಪುಡಿಮಾಡಿ ಉದುರಿಸಿ, ಹೊಲಕ್ಕೆ ನಡೆದೆ. ಗಂಡಸರು ಕೂಗಿದರೆ, ಕೈ ಬೀಸಿದರೆ ಹೋರಿ ಬೆದರುತ್ತದೆ, ಬೆದರಿದ್ದಕ್ಕೇ ಅದರ ಹೆಸರು. ಆದರೆ ಆ ಮೈಯನ್ನು ಬೆಳೆಸಿದ್ದು ಚೇರ್ಮನ್ನರ ಮನೆಯ ಹೆಂಗಸರ ಬಕೀಟು. ಬಳೆಯ ಸದ್ದು ಕೇಳಿ ತಲೆ ಎತ್ತಿತು. ನಾನು ಕೂಗಲಿಲ್ಲ, ಬಕೀಟಿನ ಅಂಚಿಗೆ ಬಳೆ ತಾಗಿಸುತ್ತ ತಿರುಗಿ ನಡೆದೆ. ಹಿಂದೆಯೇ ಬಂತು. ಗೂಡಂಗಡಿಯ ಮುಂದೆ ಹಾಯುವಾಗ ಆಳೊಬ್ಬ ಬೀಡಿ ಬಾಯಲ್ಲಿಟ್ಟುಕೊಂಡೇ ಎದ್ದುನಿಂತ. ಕೂಗಿದರೆ ಹೋರಿ ನನ್ನನ್ನೇ ತಿವಿದೀತೆಂದು ಅವನಿಗೆ ಗೊತ್ತು, ಬಾಯಿ ಮುಚ್ಚಿದ. ಬಕೀಟು ಬಾನಿಯ ಪಕ್ಕದಲ್ಲಿಟ್ಟೆ. ವಾಲೀಕಾರ ಬಾಗಿಲು ಹಾಕಿದ.

ಅಂದೇ ಚೇರ್ಮನ್ನರ ಆಳು ದಂಡ ತಂದ. ‘ದನದ ಒಡಿಯಾ ಬರಬೇಕಪ್ಪ’ ಎಂದು ವಾಪಸು ಕಳಿಸಿದೆ. ಮರುದಿನ ಮಗನನ್ನು ಕಳಿಸಿದರು. ಅವನಿಗೂ ಅದೇ ಉತ್ತರ. ಅಮಾವಾಸ್ಯೆಯ ಸಂಜೆ ಮುಖಂಡರ ಜೀಪೇ ಬಂತು.

‘ಅಕ್ಕಾರ, ಏನ ಮಾಡಾಕತ್ತೀರಿ ಇದನ್ನ? ನಾಳೆ ಹಬ್ಬ. ಅವ್ರೀಗ ನಮ್ಮವ್ರು.’

‘ನಮ್ಮವ್ರ ಆದ್ರ ನಮ್ಮ ಕೊಂಡವಾಡಕ್ಕ ಬರಾಕ ಏನ ನಾಚಿಕೀರಿ?’ ಎಂದೆ.

‘ಬೆಂಗಳೂರಾಗ ನಮ್ಮ ಸರ್ಕಾರ ಐತಿ, ಜಿಲ್ಲಾದಾಗ ನಾವದೇವಿ, ಊರಾಗೂ ನಾವ ಇರಬೇಕಂದ್ರ ಇಂಥಾವ್ರ ಬೇಕಾಗ್ತಾರ್ರಿ. ಹಳೇದು ಬಿಡ್ರಿ.’

‘ಅವತ್ತ ನನ್ನ ಎಮ್ಮಿ ಒಳಗಿದ್ದಾಗ ನಿಮ್ಮ ಜೀಪಿನ ಹಾದಿ ನೋಡೇನ್ರಿ. ಬರಲಿಲ್ಲ. ಇವತ್ತ ಹೋರಿ ಸಲುವಾಗಿ ಬಂತು.’

ಅವರು ಕಟ್ಟೆಯ ಮೇಲೆ ಕೂತರು. ‘ಚಹಾ ಕೊಡ್ರಿ ಹೋಗ್ತೇನಿ’ ಎಂದರು. ಕೊಟ್ಟೆ. ಮಂಡಕ್ಕಿ ಕೊಡಲಿಲ್ಲ.

ಪಾಡ್ಯದ ಮಧ್ಯಾಹ್ನ ಊರ ಅಗಸಿಬಾಗಿಲ ಕಡೆ ಹಲಗೆ ಬಾರಿಸುವುದು ಶುರುವಾಯಿತು. ಬೇರೆಯವರ ಹೋರಿಗಳು ಓಡುವ ಕೇಕೆ ಕೇಳುತ್ತಿತ್ತು. ನಾನು ಕೊಂಡವಾಡದ ಮುಂದಿನ ಕಲ್ಲಿನ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದೆ. ಹೊತ್ತು ಇಳಿಯುವಾಗ ಚೇರ್ಮನ್ನರು ಒಬ್ಬರೇ ಬಂದರು. ಅವರ ಹಿಂದೆ, ಸ್ವಲ್ಪ ದೂರ ಬಿಟ್ಟು, ಊರೂ ಬಂತು.

‘ಏನ ತಂಗಿ, ಹಬ್ಬಾ ಮಾಡಲಿಲ್ಲೇನು?’

‘ಮಾಡಾಕತ್ತೇನ್ರಿ.’

‘ಹೋರಿ ಬಿಡು.’

‘ಯಾರದ್ರಿ ಹೋರಿ?’

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ‘ನಂದು.’

‘ಹಿಂದಿನ ಮಂದಿಗೆ ಕೇಳಸಲಿಲ್ರಿ.’

‘ನಂದು ಅಂದೆನಲ್ಲ.’ ಈ ಸಲ ಎಲ್ಲರಿಗೂ ಕೇಳಿಸಿತು.

‘ಎಲ್ಲಿ ಮೇದಿತ್ರಿ?’

ಅಜ್ಜಿ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಚೇರ್ಮನ್ನರು ಅವಳತ್ತ ನೋಡದೆ, ‘ಈ ಅಜ್ಜಿ ಹೊಲದಾಗ ಮೇದೈತಿ’ ಎಂದರು.

‘ಮೇದಿದ್ದಷ್ಟ ಅಲ್ಲಪ್ಪ, ತುಳದೈತಿ’ ಎಂದಳು ಅಜ್ಜಿ. ‘ಅದನ್ನೂ ಹೇಳು.’

‘ತುಳದೈತಿ.’

ಯಾರೋ ಹಿಂದಿನಿಂದ ಕಿಸಕ್ಕೆಂದರು. ನಾನು ನಗಲಿಲ್ಲ. ಎದ್ದು ಸೆರಗು ಝಾಡಿಸಿ, ‘ನೀರ ಕುಡದೈತ್ರಿ, ಹೊಟ್ಟಿ ತುಂಬ ತಿಂದೈತಿ, ನೆರಳಾಗ ಮಲಗೇತಿ. ಜೀವಂತ ಐತಿ, ನೋಡಿ ಒಯ್ರಿ’ ಎಂದೆ.

ಚೇರ್ಮನ್ನರ ಮುಖ ಆಗ ಕೆಂಪೇರಿತು. ‘ನೀ ಮರತಿಲ್ಲ’ ಎಂದರು, ನನಗಷ್ಟೇ ಕೇಳುವಂತೆ.

‘ಇಲ್ರಿ. ಅದನ್ನೂ ಒಂದ ಹೇಳಿ ಹೋಗ್ರಿ. ನನ್ನ ಎಮ್ಮಿ ಯಾರ ಹೊಲದಾಗ ಮೇದಿತ್ತು?’

ಅವರು ಹಗ್ಗ ಹಿಡಿದು ಹೊರಟುಹೋದರು. ಅಗಸಿಯಲ್ಲಿ ಅಷ್ಟು ಹೊತ್ತಿಗೆ ಹಬ್ಬ ಮುಗಿದಿತ್ತು. ಜೂಲಿಲ್ಲದ, ಕೊಬ್ಬರಿಯಿಲ್ಲದ ಹೋರಿಯನ್ನು ನಡುಬೀದಿಯಲ್ಲಿ ಆಕಳ ಹಾಗೆ ಹೊಡೆದುಕೊಂಡು ಹೋಗುವುದನ್ನು ಊರು ಎರಡೂ ಬದಿಗೆ ನಿಂತು ನೋಡಿತು.

ಮುಂದಿನ ಸಭೆಯಲ್ಲಿ ಪಕ್ಷದ ಶಿಸ್ತಿನ ಮಾತು ತೆಗೆದು ಕೊಂಡವಾಡವನ್ನು ನನ್ನಿಂದ ಬಿಡಿಸಿ ಬಾವಿಯವನಿಗೆ ಕೊಟ್ಟರು. ದಿಲ್ಲಿಯವರಿದ್ದಾಗ ನಮ್ಮನ್ನು ತುಳಿದವರನ್ನು ಬೆಂಗಳೂರಿನವರು ಬಂದು ತಲೆಯ ಮೇಲೆ ಹೊತ್ತರು. ನಮ್ಮೂರ ಲೆಕ್ಕದಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಟವೆಲಿನ ಬಣ್ಣದ್ದು. ನನ್ನನ್ನು ಮತ್ತೆ ನಿಲ್ಲೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ.

ಪಾಡ್ಯದ ದಿನ ಊಟಕ್ಕೆ ಕೂತಾಗ ಮನೆಯವರು ಹೋಳಿಗೆ ಮುರಿಯುತ್ತ, ‘ಸಮಾಧಾನ ಆತೇನು?’ ಎಂದು ಕೇಳಿದ್ದರು. ‘ಅರ್ಧ’ ಎಂದೆ. ಅವರು ತುಪ್ಪದ ಗಿಂಡಿ ನನ್ನ ಕಡೆ ಸರಿಸಿದರು.

ಚೇರ್ಮನ್ನರು ಈಗಲೂ ದಾರಿಯಲ್ಲಿ ಸಿಗುತ್ತಾರೆ. ಕೈಯಲ್ಲಿ ಕೋಲು ಬಂದಿದೆ. ‘ಆರಾಮದೀ ಏನ ತಂಗಿ?’ ಎನ್ನುತ್ತಾರೆ. ‘ಆರಾಮ ಅದೇನ್ರಿ. ನನ್ನ ಎಮ್ಮಿ ಯಾರ ಹೊಲದಾಗ ಮೇದಿತ್ತು?’ ಎಂದು ಕೇಳುತ್ತೇನೆ. ಪ್ರತಿ ಸಲವೂ ಕೇಳುತ್ತೇನೆ. ಅವರು ಕೋಲು ಊರಿಕೊಂಡು ದಾರಿಯ ಆಚೆ ಬದಿಗೆ ಹೋಗುತ್ತಾರೆ.